ಇಪ್ಪತ್ತೆಂಟು ಮನಿ, ಕಣ್ಣಿರೋ ಸ್ವಿಚ್ಚು

ಲೈಟು ಹಚ್ಚೋದು, ಲೈಟು ಆರಸೋದು, ಇದರಾಗ ನಗೋ ಅಂಥಾದ್ದು ಏನದ ಅಂತ ನೀವು ಕೇಳಬಹುದು. ಇಪ್ಪತ್ತು ವರ್ಷ ವೈರಿಂಗ್ ಕೆಲಸ ಮಾಡಿದ ನಾನೂ ಹಂಗ ತಿಳಕೊಂಡಿದ್ದೆ. ಆದ್ರ ಖೋಲಿಯೊಳಗ ಮನುಷ್ಯಾ ಅದಾನೋ ಇಲ್ಲೋ ಅಂತ ತಾನ ನೋಡಿ ಲೈಟು ಹಚ್ಚೋ ಸ್ವಿಚ್ಚು ಬಂದಾಗಿಂದ, ಏನರ ಒಂದು ಆಗದ ನನ್ನ ವಾರ ಕಳದಿಲ್ಲ. ನಮ್ಮಾಕಿ ಈಗ ಬಾಗಿಲಾ ತಗದಕೂಡಲೇ ನೀರು ಕೊಡೋದು ಬಿಟ್ಟು, "ಇವತ್ತ ಯಾರ ಮನ್ಯಾಗ ಕತ್ತಲಾತು?" ಅಂತ ಕೇಳತಾಳ.

ನಾ ಪುಣೆ ಹತ್ತರದ ತಳೇಗಾಂವದಾಗ ಒಬ್ಬ ಗುತ್ತಿಗೆದಾರನ ಕೈಕೆಳಗ ಹದಿನೆಂಟು ವರ್ಷ ದುಡದಾಂವ. ಮೂಲ ಅಫಜಲಪುರದ ಕಡೆಯವರು, ನಮ್ಮಪ್ಪ ಕಟ್ಟಡದ ಕೆಲಸಕ್ಕಂತ ಪುಣೆಗೆ ಬಂದಿದ್ದ. ಇನ್ನ ನನ್ನ ಕೆಲಸ ನಾನ ಹಿಡೀತೀನಿ ಅಂತ ಹೇಳಾಕ ಹೋದಾಗ ಗುತ್ತಿಗೆದಾರ ಸಿಟ್ಟಾಗಲಿಲ್ಲ. ಚಹಾ ತರಿಸಿ ಕುಡಿಸಿ, "ಹೋಗಿ ಬಾ. ತಿಂಗಳದಾಗ ತಿರುಗಿ ಬರ್ತಿ, ನಿನ್ನ ಜಾಗಾಕ್ಕ ಯಾರ್ನೂ ತಗೊಳ್ಳೂದಿಲ್ಲ" ಅಂದ. ಅವ ಬೈದಿದ್ರ ಒಳ್ಳೇದಿತ್ತು. ಆ ಮಾತು ಮಾತ್ರ ನನಗ ಭಾಳ ಹತ್ತಿತು.

ನನ್ನ ಹೆಸರಲೆ ಸಿಕ್ಕ ಮೊದಲನೇ ಕೆಲಸ ಪುಣೆಯ ವಿಮಾನ ನಗರದ ಒಂದು ಅಪಾರ್ಟ್‌ಮೆಂಟಿಂದು. ಇಪ್ಪತ್ತೆಂಟು ಮನಿ, ಒಂದು ಜಿನಿ ಅಂದ್ರ ಮೆಟ್ಟಲ ಸಾಲು, ಕೆಳಗ ಒಂದು ಮೀಟಿಂಗ್ ಹಾಲ್. ಎಲ್ಲಾ ಕಡೆ ಈ ಕಣ್ಣಿರೋ ಸ್ವಿಚ್ಚು ಕೂಡಸಬೇಕು. ಕೂಡಸಿದೆ. ಎಂಟು ದಿನ ಆಗಿರಲಿಲ್ಲ, ಸೊಸಾಯಿಟಿ ಸೆಕ್ರೆಟರಿ ಸಾಹೇಬ್ರು ತಕರಾರಿನ ವಹಿ ತಂದು ನನ್ನ ಮುಂದ ಇಟ್ರು. ಹತ್ತೊಂಬತ್ತು ಮನಿಯವರು ಬರದಿದ್ರು. "ಹದಿನೈದು ದಿನದ ಮ್ಯಾಲೆ ಮೀಟಿಂಗ್ ಅದ. ಅಷ್ಟರಾಗ ಸರಿ ಮಾಡು. ಇಲ್ಲಾಂದ್ರ ಮತಕ್ಕ ಹಾಕಿ ಎಲ್ಲಾ ಕಿತ್ತಸಿ ಹಳೇ ಬಟನ್ ಹಾಕಸ್ತೀವಿ" ಅಂದ್ರು. ಮೊದಲನೇ ಕೆಲಸಾನ ಕಿತ್ತು ಹಾಕಿದ್ರು ಅಂದ್ರ ಇನ್ನೊಬ್ಬ ಯಾರು ನನ್ನ ಕರೀತಾರ? ತಳೇಗಾಂವದ ಬಸ್ಸ ಹಿಡಿಬೇಕು, ಅಷ್ಟ.

ಸ್ವಿಚ್ಚು ಹ್ಯಾಂಗದ ಅಂತ ಸ್ವಲ್ಪ ಹೇಳ್ತೀನಿ, ಇಲ್ಲಾಂದ್ರ ಮುಂದಿಂದು ತಿಳಿಯೂದಿಲ್ಲ. ಮುಖದ ಮ್ಯಾಲೆ ಒಂದು ಬಿಳೇ ಗಾಜಿನ ಕಣ್ಣು. ಬಿಸಿ ಇದ್ದದ್ದು ಏನರ ಅಲುಗಾಡಿದ್ರ ಅದಕ್ಕ ಕಾಣಸ್ತದ, ಲೈಟು ಹತ್ತತದ. ಅಲುಗಾಡೋದು ನಿಂತ್ರ ಮೊದಲ ಸಾವಕಾಶ ಮಬ್ಬಾಗಿ, ಆಮೇಲೆ ಆರಿ ಹೋಗ್ತದ. ಮುಚ್ಚಳ ತಗದ್ರ ಒಳಗ ಮೂರು ಸಣ್ಣ ತಿರುಗೋ ಗುಂಡಿ ಅದಾವ. ಒಂದು ಎಷ್ಟೊತ್ತು ಕಾಯಬೇಕು ಅಂತ ಹೇಳೋದು, ಒಂದು ಕಣ್ಣು ಎಷ್ಟು ಚುರುಕಿರಬೇಕು ಅಂತ, ಒಂದು ಲೈಟು ಎಷ್ಟು ಬೆಳ್ಳಗಿರಬೇಕು ಅಂತ. ಟೆಸ್ಟರ್ ತುದಿಲೆ ತಿರುವಿದ್ರ ಆತು. ತಿರುವೋದು ಸೋಪಾ, ಅಂದ್ರ ಸುಲಭ. ಆ ಮನ್ಯಾಗಿನ ಮಂದಿ ಎಷ್ಟು ಅಲುಗಾಡ್ತಾರ ಅಂತ ತಿಳಕೊಳ್ಳೋದು ಕಠಿಣ.

ಹದಿನೈದು ಸೆಕೆಂಡು

ಮೊದಲನೇ ತಕರಾರು ಸೆಕ್ರೆಟರಿ ಸಾಹೇಬ್ರ ಮನೀದ. ಅವರು ರಿಟೈರಾದ ಮಾಸ್ತರು, ಮರಾಠಿ ಮಂದಿ. ನಾವು ಮಾತಾಡಿದ್ದು ಮರಾಠಿಯೊಳಗ, ನಾ ನಮ್ಮ ಮಾತಿನ್ಯಾಗ ಹೇಳಾಕತ್ತೀನಿ.

"ಬಾತ್‌ರೂಮಿನ್ಯಾಗ ಮುಖಕ್ಕ ಸಾಬಾಣ ಹಚ್ಚತೀನಿ, ಲೈಟ್ ಹೋಗ್ತದ. ಕೈ ಬೀಸ್ತೀನಿ, ಬರ್ತದ. ಮತ್ತ ಸಾಬಾಣ, ಮತ್ತ ಕತ್ತಲ. ನಿನ್ನೆ ಒಂದ ಸ್ನಾನದಾಗ ಎಷ್ಟ ಸಲ ಕೈ ಬೀಸೀನಿ ಗೊತ್ತದ ಏನು?" ಅಂದ್ರು.

ಮುಚ್ಚಳ ತಗದು ನೋಡಿದೆ. ತಪ್ಪು ನಂದ. ಸ್ವಿಚ್ಚು ನಡೀತದೋ ಇಲ್ಲೋ ಅಂತ ಪರೀಕ್ಷಾ ಮಾಡಾಕ ಹದಿನೈದು ಸೆಕೆಂಡಿನ ಗುರ್ತಿಗೆ ತಿರುವಿದ್ದೆ. ಆಮೇಲೆ ಇಪ್ಪತ್ತು ನಿಮಿಷಕ್ಕ ತರೋದು ಮರತು ಹೋಗಿದ್ದೆ. ಇವರ ಮನ್ಯಾಗಷ್ಟ ಅಲ್ಲ, ಎರಡನೇ ಮಜಲಿನ ನಾಲ್ಕೂ ಮನ್ಯಾಗ ಮರತಿದ್ದೆ. ಅಂದ್ರ ಒಂದು ವಾರದಿಂದ ಒಂದು ಇಡೀ ಮಜಲಿನ ಮಂದಿ ಜಳಕದ ಖೋಲಿಯೊಳಗ ಕೈ ಬೀಸ್ಕೋತ ನಿಂತಿದ್ರು. ನನಗ ನಗು ಬರೋಹಂಗಾತು, ಹೆದರಿಕಿಗೆ ನುಂಗಿಕೊಂಡೆ.

ಸಾಹೇಬ್ರಿಗೆ ಕ್ಷಮಾ ಕೇಳಿ ಟೆಸ್ಟರ್ ಹಚ್ಚೂದ್ರಾಗ ಅವರ ಹೆಂಡ್ತಿ ಅಡಗಿಮನ್ಯಾಗಿಂದ ಬಂದ್ರು. ಸಣ್ಣ ದನಿಯೊಳಗ, "ಭಾವು, ಸ್ವಲ್ಪ ಥಾಂಬಾ, ನಿಲ್ಲರಿ. ಇವರ ಭುಜ ಹಿಡಕೊಂಡದ ಅಂತ ಡಾಕ್ಟರು ಎರಡು ವರ್ಷದಿಂದ ಹೇಳಾಕತ್ತಾರ, ದಿನಾ ಕೈ ಮ್ಯಾಲೆ ಎತ್ತಿ ವ್ಯಾಯಾಮ ಮಾಡ್ರಿ ಅಂತ. ಒಂದು ದಿವಸ ಕೇಳಲಿಲ್ಲ. ಈ ವಾರ ತಾವ ಅಲಮಾರಿ ಮ್ಯಾಲಿನ ಡಬ್ಬಿ ಇಳಿಸಿಕೊಟ್ರು. ಅದನ್ನ ಹಂಗ ಬಿಡ್ರಿ" ಅಂದ್ರು.

ಗಂಡ ತಕರಾರು ಬರದಾರ, ಹೆಂಡ್ತಿ ಮುಟ್ಟಬ್ಯಾಡ ಅಂತಾಳ. ನಾ ಹತ್ತು ನಿಮಿಷಕ್ಕ ತಿರುವಿ, ಮುಚ್ಚಳ ಹಾಕಿ, ಇಬ್ಬರ ಮುಖಾನೂ ನೋಡದ ಹೊರಗ ಬಂದೆ. ಸಾಹೇಬ್ರು ವಹಿಯೊಳಗ ತಮ್ಮ ತಕರಾರು ಹೊಡದು ಹಾಕಲಿಲ್ಲ. ನನಗ ಗೊತ್ತಾತು, ಈ ಮನುಷ್ಯಾ ಮೀಟಿಂಗಿನ ತನಕ ಬಿಡಾಂವಲ್ಲ ಅಂತ.

ತಂಗಳ ಒಲ್ಲದ ಸ್ವಿಚ್ಚು

ಮೂರನೇ ಮಜಲಿನ್ಯಾಗ ನಮ್ಮವರ ಒಂದು ಮನಿ ಅದ. ವಿಜಯಪುರದ ಕಡೆಯವರು, ಕಾಕಾ ಒಂದು ಅಂಗಡ್ಯಾಗ ಗುಮಾಸ್ತಕಿ ಮಾಡಿ ಈಗ ಮನ್ಯಾಗ ಅದಾರ. ಅವರ ಹೆಂಡ್ತಿ ಕಾಕು, ನನಗ ಕನ್ನಡ ಬರತದ ಅಂತ ಗೊತ್ತಾದ ದಿವಸಿಂದ ಊಟ ಮಾಡಸದ ಕಳಸಿಲ್ಲ.

ಅವರ ತಕರಾರು ಬ್ಯಾರೇ ಥರದ್ದು. ದೇವರ ಖೋಲಿಯೊಳಗ ಕಾಕಾ ಕಣ್ಣು ಮುಚ್ಚಿ ಜಪಕ್ಕ ಕೂತ್ರ ಲೈಟು ಹೋಗ್ತದ. ಕಾಕು ಬಂದು ಆರತಿ ಎತ್ತಿದ್ರ ಹತ್ತತದ. ಆಮೇಲೆ ಕಾಕು ಬಾಗಿಲ ಹೊರಗಿಂದ ಬರೇ ಗಂಟಿ ಬಾರಿಸಿ ನೋಡ್ಯಾರ, ಹತ್ತಿಲ್ಲ. ಬಾಗಿಲ ಹೊರಗ ನಿಂತು ಬರೇ ಆರತಿ ತಾಟ ಅಷ್ಟ ಒಳಗ ಚಾಚಿ ಎತ್ಯಾರ, ಹತ್ತೇದ. ಬಾಜೂ ಮನಿ ಇಬ್ಬರು ಹೆಣ್ಣಮಕ್ಕಳನ್ನ ಕರದು ತೋರಸ್ಯಾರ. ಅವರೂ ತಮ್ಮ ತಾಟ ತಂದು ಎತ್ಯಾರ, ಅವರಿಗೂ ಹತ್ತೇದ. ನಾ ಹೋದಾಗ ಕಾಕಾ ಒಳಗ ಜಪದಾಗಿದ್ರು, ಆ ಇಬ್ಬರೂ ಸ್ವಿಚ್ಚಿಗೆ ಕುಂಕುಮ ಹಚ್ಚೋ ವಿಚಾರದಾಗಿದ್ರು.

"ಕುಂಕುಮ ಹಚ್ಚಬ್ಯಾಡ್ರಿ, ಕಣ್ಣು ಮುಚ್ಚಿ ಹೋಗ್ತದ" ಅಂದೆ. "ಇದಕ್ಕ ದೇವರೂ ಗೊತ್ತಿಲ್ಲ, ಆರತಿನೂ ಗೊತ್ತಿಲ್ರಿ ಕಾಕು. ಬಿಸಿ ಇರಬೇಕು, ಅಲುಗಾಡಬೇಕು, ಅಷ್ಟ. ಆರತಿಯೊಳಗ ಎರಡೂ ಅದಾವ. ಕಾಕಾ ಬೆಚ್ಚಗ ಅದಾರ, ಆದ್ರ ಅಲುಗಾಡೂದಿಲ್ಲ."

"ಹಂಗಾದ್ರ ಬಿಸಿ ಭಕ್ರಿ ಕಂಡ್ರ ಹತ್ತತದೇನು?" ಅಂತ ಕಾಕು ಕೇಳಿದ್ರು.

ಖರೇ ಹೇಳತೀನಿ, ಇಷ್ಟ ವರ್ಷದಾಗ ಆ ಪ್ರಶ್ನೆ ನನ್ನ ತಲಿಗೆ ಹೊಳದಿರಲಿಲ್ಲ. ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಅಂದ್ರ ನೋಡೇ ಬಿಡೋಣ ಅಂತ ಕಾಕು ಅಡಗಿಮನಿಗೆ ಹೋದ್ರು. ತವಾದ ಮ್ಯಾಲಿನ ಜ್ವಾಳದ ಭಕ್ರಿ ಚಿಮಟಾದಾಗ ಹಿಡಕೊಂಡು ಬಂದು, ಗ್ವಾಡಿ ಮರೀಗೆ ನಿಂತು, ಬರೇ ಭಕ್ರಿ ಅಷ್ಟ ಬಾಗಿಲದಾಗ ತೂರಿಸಿ ಅಲುಗಾಡಿಸಿದ್ರು. ಲೈಟು ಹತ್ತಿತು. ಪರೀಕ್ಷಾಕ್ಕಂತ ನಾ ಮೊದಲ ಹದಿನೈದು ಸೆಕೆಂಡಿಗೆ ತಿರುವಿದ್ದೆ, ನಾವು ನಾಲ್ಕೂ ಮಂದಿ ಉಸಿರು ಬಿಡದ ನಿಂತು ಅದು ಆರೋ ತನಕ ಕಾದ್ವಿ. ಆಮೇಲೆ ಕಾಕು ಬುಟ್ಟಿಯೊಳಗಿನ ನಿನ್ನಿ ಭಕ್ರಿ ತಂದು ಹಂಗ ತೂರಿಸಿ ಅಲುಗಾಡಿಸಿದ್ರು. ಏನೂ ಆಗಲಿಲ್ಲ. ಇನ್ನೊಮ್ಮೆ ಅಲುಗಾಡಿಸಿದ್ರು. ಇಲ್ಲ.

ಕಾಕು ನಿನ್ನಿ ಭಕ್ರಿ ಕೈಯಾಗ ಹಿಡಕೊಂಡು ಜಪಕ್ಕ ಕೂತ ಕಾಕಾನ ಕಡೆ ಒಮ್ಮೆ ನೋಡಿದ್ರು, ಸ್ವಿಚ್ಚಿನ ಕಡೆ ಒಮ್ಮೆ ನೋಡಿದ್ರು. "ತಂಗಳ ಕಂಡ್ರ ಇದೂ ತಿರುಗಿ ನೋಡೂದಿಲ್ಲ ಅಂದಂಗಾತು. ಅಂಥಾದ್ದು ಒಂದು ಈ ಮನ್ಯಾಗ ಮೊದಲ ಇತ್ತಲ್ಲಪ್ಪಾ, ಇನ್ನೊಂದು ಯಾಕ ತಂದಿ?" ಅಂದ್ರು.

ಇನ್ನ ಕಾಯೋ ಹೊತ್ತು ಎಷ್ಟಿಡಬೇಕು ಅನ್ನೋದು ಉಳೀತು. ಕಾಕಾನ ಜಪ ನಲವತ್ತು ನಿಮಿಷ, ಸ್ವಿಚ್ಚು ಭಾಳಂದ್ರ ಮೂವತ್ತು ನಿಮಿಷ ಕಾಯತದ. ನಾ ತಲಿ ಕೆರಕೊಂಡೆ. ಕಾಕು, "ಮೂವತ್ತಕ್ಕ ಇಡು. ಇಪ್ಪತ್ತನೇ ನಿಮಿಷಕ್ಕ ಅವರಿಗೆ ತೂಕಡಿಕಿ ಬರತದ, ತಲಿ ಒಂದಸಲ ಎದಿಗೆ ಬಡೀತದ. ಅಷ್ಟ ಅಲುಗಾಡಿದ್ರ ಸಾಕಲ್ಲ?" ಅಂದ್ರು. ಸಾಕಾತು. ಆ ತಕರಾರು ಮತ್ತ ಬರಲಿಲ್ಲ.

ಲೆಕ್ಕ ಇಟ್ಟ ಎಂಜಿನಿಯರು

ನಾಲ್ಕನೇ ಮಜಲಿನ್ಯಾಗ ಬೆಂಗಳೂರಿನ ಗಂಡ-ಹೆಂಡ್ತಿ. ಗಂಡ ಮನ್ಯಾಗ ಕೂತ ಕಂಪ್ಯೂಟರ್ ಕೆಲಸ ಮಾಡ್ತಾನ. ಎಲ್ಲಾರೂ ನನಗ ಬೈದ್ರ, ಈ ಹುಡುಗ ಬೈಲಿಲ್ಲ. ಒಂದು ಕಾಗದ ಕೈಗೆ ಕೊಟ್ಟ.

"ಅಣ್ಣಾ, ನಾನು ಒಂದು ವಾರ ಡೇಟಾ ಕಲೆಕ್ಟ್ ಮಾಡಿದೀನಿ. ಲೈಟ್ ಯಾವಾಗ ಆಫ್ ಆಯ್ತು, ಆಗ ನಾನು ಏನ್ ಮಾಡ್ತಿದ್ದೆ, ಎಲ್ಲಾ ಇದೆ. ಪ್ಯಾಟರ್ನ್ ಏನೋ ಇದೆ, ಆದ್ರೆ ನಂಗೆ ಸಿಗ್ತಿಲ್ಲ. ಸೆನ್ಸರ್ ಪ್ರಾಬ್ಲಂ ಅನ್ಸುತ್ತೆ."

ನನಗ ಅವನ ಮ್ಯಾಲೆ ಪ್ರೀತೀನ ಬಂತು. ಇಪ್ಪತ್ತೆಂಟು ಮನ್ಯಾಗ ಒಬ್ಬ ಯಾಂವರ ಯಾಕ ಹಿಂಗಾಗ್ತದ ಅಂತ ವಿಚಾರ ಮಾಡಿದ್ದ. ಇಬ್ಬರೂ ನೆಲದ ಮ್ಯಾಲೆ ಕಾಗದ ಹಾಸಿಕೊಂಡು ಕೂತ್ವಿ. ಬೆಳಿಗ್ಗಿ ಒಂದೂ ಸಲ ಆರಿಲ್ಲ. ಗೆಳ್ಯಾರ ಜೋಡಿ ಫೋನಿನ್ಯಾಗ ಮಾತಾಡುವಾಗ ಆರಿಲ್ಲ. ಕ್ರಿಕೆಟ್ ನೋಡುವಾಗ ಅಂತೂ ಮಬ್ಬಾಗೂ ಇಲ್ಲ. ದಿನಾ ಮಧ್ಯಾಹ್ನ ಎರಡೂವರಿಯಿಂದ ಮೂರೂವರಿ ಒಳಗ ಮಾತ್ರ ಆರೇದ, ಏಳೂ ದಿನ ಅಲ್ಲ, ಸೋಮವಾರದಿಂದ ಶುಕ್ರವಾರ.

"ಆ ಹೊತ್ತಿನ್ಯಾಗ ಏನ ಮಾಡ್ತೀರಿ?" ಅಂತ ಕೇಳಿದೆ.

"ನಮ್ಮ ಬಾಸ್ ಮೀಟಿಂಗ್. ಕ್ಯಾಮೆರಾ ಆಫ್ ಇರುತ್ತೆ. ನಾನು ಕೇಳಿಸ್ಕೊಳ್ತಾ ಇರ್ತೀನಿ."

"ಕೂತ್ಕೊಂಡೋ, ಮಲಕೊಂಡೋ?"

ಹುಡುಗ ಕಾಗದ ಮಡಚಾಕ ಹತ್ತಿದ. ಅವನ ಹೆಂಡ್ತಿ ಬಾಗಿಲದಾಗ ನಿಂತು ಎಲ್ಲಾ ಕೇಳಿಸ್ಕೊಂಡಿದ್ಳು. "ಓಹೋ. ಮದುವೆ ಆದಾಗಿಂದ ಮಧ್ಯಾಹ್ನ ಅಡುಗೆಮನೆಗೆ ಕರೆದ್ರೆ ಇಂಪಾರ್ಟೆಂಟ್ ಮೀಟಿಂಗ್, ಡಿಸ್ಟರ್ಬ್ ಮಾಡ್ಬೇಡ ಅಂತಿದ್ರು. ಅಣ್ಣಾ, ಆ ಸ್ವಿಚ್ಚು ಕರೆಕ್ಟಾಗೇ ಇದೆ, ಏನೂ ಮುಟ್ಟಬೇಡಿ" ಅಂದ್ಳು. ಕಾಗದ ತಗೊಂಡು ಹೋಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ಳು.

ಆ ತಕರಾರನ್ನ ಹುಡುಗ ತಾನ ಕೆಳಗ ಬಂದು ವಹಿಯಿಂದ ಹೊಡದು ಹಾಕಿದ. ಒಂದರ ಮ್ಯಾಲೆ ಒಂದು ತಕರಾರು ಕಮ್ಮಿ ಆಗ್ಕೋತ ಹೊಂಟಾಗ ನನಗೂ ಸ್ವಲ್ಪ ಜೀವಕ್ಕ ಜೀವ ಬಂತು. ಹತ್ತೊಂಬತ್ತರಾಗ ಆರು ಉಳದಿದ್ದವು.

ಯೇತೇ ಹಾಂ

ಜಿನಿ ಮ್ಯಾಲಿನ ತಕರಾರು ಕೆಳಗಿನ ಮನಿಯವರದು. ಎರಡನೇ ಮಜಲಿನ ಜಿನಿ ಲೈಟು ದಿನಾ ಸಂಜಿಕೆ ಒಂದು ತಾಸ ಆರೂದ ಇಲ್ಲ, ಸ್ವಿಚ್ಚು ಕೆಟ್ಟದ ಅಂತ. ನಾ ಸಂಜಿಕೆ ಹೋಗಿ ಮ್ಯಾಲಿನ ಮೆಟ್ಟಲ ಮ್ಯಾಲೆ ಕೂತು ನೋಡಿದೆ.

ಒಬ್ಬಾಕಿ ಇನ್ನೊಬ್ಬಾಕಿ ಮನಿಯಿಂದ ಹೊರಗ ಬಂದ್ಳು. "ಯೇತೇ ಹಾಂ" ಅಂದ್ಳು, ಅಂದ್ರ ಹೋಗಿ ಬರ್ತೀನಿ ಅಂತ. ಒಳಗ ಕೂತದ್ದು ಹದಿನೈದ ನಿಮಿಷ ಇರಬೇಕು. ಬಾಗಿಲದಾಗ ಕುಂಕುಮ ಹಚ್ಚಿಸ್ಕೊಂಡ್ಳು. ಆಮೇಲೆ ಏನೋ ನೆನಪಾತು, ಮಾತು ಚಾಲೂ ಆತು. ಮತ್ತ "ಯೇತೇ", ಎರಡು ಮೆಟ್ಟಲ ಇಳದ್ಳು. ಈ ಮನಿಯಾಕಿ "ನಿನ್ನ ಡಬ್ಬಿ ಉಳೀತು" ಅಂದ್ಳು. ಡಬ್ಬಿ ಬಂತು, ಖಾಲಿ ಡಬ್ಬಿ ಹ್ಯಾಂಗ ಕೊಡೂದು ಅಂತ ಅದರೊಳಗ ಅವಲಕ್ಕಿ ಚಿವಡಾ ಬಂತು, ಚಿವಡಾ ಹ್ಯಾಂಗ ಮಾಡೂದು ಅಂತ ಬಂತು. ನಲವತ್ತೈದು ನಿಮಿಷ. ಹೋಗೂದ ಹೋಗೂದು, ಹೋಗೂದಿಲ್ಲ. ಎರಡು ಜೋಡಿ ಕೈ ಒಂದು ಗಳಿಗಿ ಸುಮ್ಮನಿರಲಿಲ್ಲ. ನನ್ನ ಸ್ವಿಚ್ಚು ಪಾಪ ಏನ ಮಾಡೀತು?

ನಮ್ಮ ಊರಾಗೂ ಇದ ಹಣೆಬರಹ, ನಮ್ಮವ್ವ ಹೊಸ್ತಿಲದಾಗ ನಿಂತ್ರ ಒಲಿ ಮ್ಯಾಲಿನ ಹಾಲು ಉಕ್ಕಿ ಆರೂದು. ಅದಕ್ಕ ಕಾಯೋ ಹೊತ್ತಿನ ಗುಂಡಿ ಮುಟ್ಟಿ ಉಪಯೋಗಿಲ್ಲ ಅಂತ ತಿಳೀತು. ಲೈಟಿನ ಬೆಳಕ ಭಾಳ ಕಡಿಮಿ ಮಾಡಿದ್ರ ತಾವ ಹೋಗ್ತಾರ ಅಂತ ಯುಕ್ತಿ ಮಾಡಿದೆ. ಮೆಟ್ಟಲ ಕಂಡ್ರ ಸಾಕು ಅನ್ನೋವಷ್ಟು ಮಬ್ಬ ಇಟ್ಟೆ.

ಮರದಿನ ಸಂಜಿಕೆ ಹೋಗಿ ನೋಡಿದೆ. "ಭಾವು, ಭಾಳ ಛಲೋ ಮಾಡಿದ್ರಿ, ಮೊದಲ ಕಣ್ಣಿಗೆ ಚುಚ್ಚತಿತ್ತು" ಅಂತ ಇಬ್ಬರೂ ನನಗ ಹೊಗಳಿದ್ರು. ಮೆಟ್ಟಲ ಮ್ಯಾಲೆ ಚಾಪಿ ಹಾಸಿದ್ರು.

ಮೀಟಿಂಗು

ಹದಿನೈದು ದಿನ ಮುಗದು ಐತವಾರ ಸಂಜಿ ಏಳಕ್ಕ ಮೀಟಿಂಗ್ ಇತ್ತು. ವಹಿಯೊಳಗ ಎರಡ ತಕರಾರು ಉಳದಿದ್ದವು, ಒಂದು ಜಿನೀದು, ಒಂದು ಸೆಕ್ರೆಟರಿ ಸಾಹೇಬ್ರದು. ನಾ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಹೋಗಿ ಹಿಂದಿನ ಕುರ್ಚಿ ಹಿಡದು ಕೂತೆ. ಸೆಕ್ರೆಟರಿ ಸಾಹೇಬ್ರು ಏನ ಬರದಾರ, ಯಾರ್ಯಾರ ಜೋಡಿ ಮಾತಾಡ್ಯಾರ, ನನಗ ತಿಳದಿರಲಿಲ್ಲ.

ಸೊಸಾಯಿಟಿ ಚೇರ್ಮನ್ ಒಬ್ಬ ಹೆಣ್ಣಮಗಳು, ಎಲ್ಲಾರೂ ಬಾಯಿ ಅಂತಾರ, ಅವರು ಮುಂದ ಮೇಜಿನ ಹಿಂದ ಕೂತ್ರು. ಸೆಕ್ರೆಟರಿ ಸಾಹೇಬ್ರು ಬಾಜೂ ಕಂಬದ ಮರೀಗೆ ನಿಂತು ಹೋದ ಮೀಟಿಂಗಿನ್ಯಾಗ ಏನೇನ ಆತು ಅಂತ ಓದಾಕ ಸುರು ಮಾಡಿದ್ರು. ಹದಿನಾಲ್ಕು ಪುಟ. ಮಾಸ್ತರಿದ್ದ ಮನುಷ್ಯಾ, ಒಂದು ಸ್ವಲ್ಪವಿರಾಮಾನೂ ಬಿಡೂದಿಲ್ಲ. ನಾಲ್ಕನೇ ಪುಟಕ್ಕ ಮಂದಿ ಕೈ ಕಟ್ಟಿದ್ರು, ಆರನೇ ಪುಟಕ್ಕ ಕಲ್ಲಾದ್ರು. ಲೈಟು ಸಾವಕಾಶ ಮಬ್ಬಾಗಾಕತ್ತಿತು. ಆ ಹಾಲಿನ ಸ್ವಿಚ್ಚು ನಾನ ಮೂವತ್ತು ನಿಮಿಷಕ್ಕ ಇಟ್ಟಿದ್ದೆ. ನಾ ಏಳೋಕಿಂತ ಮೊದಲ ಆರೇ ಹೋತು.

ಕತ್ತಲ್ಯಾಗ ಸಾಹೇಬ್ರ ದನಿ ಬಂತು. ಭಾಳ ಖುಷಿಯಿಂದ ಬಂತು. "ಬಘಾ, ಬಘಾ, ನೋಡ್ರಿ. ನಾ ಇಷ್ಟ ದಿನ ಹೇಳಿದ್ದು ಇದ. ಬಾಯಿ, ಈಗಿಂದೀಗ ಮತಕ್ಕ ಹಾಕ್ರಿ, ಈ ಕತ್ತಲ್ಯಾಗ ಹಾಕ್ರಿ."

ಚೇರ್ಮನ್ ಬಾಯಿ, "ಆತು. ಸ್ವಿಚ್ಚು ತಗೀಬೇಕು ಅನ್ನೋರು ಕೈ ಎತ್ರಿ" ಅಂದ್ರು.

ಲೈಟು ಝಗ್ ಅಂತ ಹತ್ತಿತು. ಇಡೀ ಹಾಲಿನ್ಯಾಗ ಒಂದೂ ಕೈ ಕೆಳಗಿರಲಿಲ್ಲ. ಸೆಕ್ರೆಟರಿ ಸಾಹೇಬ್ರ ಹೆಂಡ್ತಿ ಎತ್ತಿದ್ರು, ಬೆಂಗಳೂರ ಹುಡುಗ ಎತ್ತಿದ್ದ, ಚಾಪಿಯ ಹೆಣ್ಣಮಕ್ಕಳು ಎತ್ತಿದ್ರು. ನನಗ ಅನ್ನ ಹಾಕಿದ ಕಾಕು ಎರಡೂ ಕೈ ಎತ್ತಿದ್ರು. ಚೇರ್ಮನ್ ಬಾಯಿ ಎಣಿಸಾಕತ್ತಿದ್ರು. ಹದಿನೈದು ದಿನ ಮನಿ ಮನಿಗೆ ಹೋಗಿ ಮೊಣಕಾಲೂರಿ ತಿರುವಿದ್ದು ಇದಕ್ಕೇನು ಅನಿಸಿ ನನ್ನ ಕಣ್ಣಾಗ ನೀರು ಬಂತು. ಸುಳ್ಳ ಯಾಕ ಹೇಳ್ಲಿ, ಬಂತು.

ಕಾಕು ಹಿಂದ ತಿರುಗಿ ನನ್ನ ಮುಖ ನೋಡಿದ್ರು. ಅಷ್ಟ ಮಂದಿ ಮುಂದ ಕನ್ನಡದಾಗ, "ಯಾಕೋ, ಮಾರಿ ಯಾಕ ಸಣ್ಣ ಮಾಡೀ?" ಅಂದ್ರು.

"ನೀವೂ ಕೈ ಎತ್ತಿದ್ರಲ್ರೀ ಕಾಕು."

"ಕತ್ತಲಾತಲ್ಲಪ್ಪಾ. ಕತ್ತಲಾದ್ರ ಕೈ ಎತ್ತದ ಇನ್ನೇನ ಮಾಡಬೇಕು?"

ಕಾಕಾ ಅದನ್ನ ಮರಾಠಿಯೊಳಗ ಮಂದಿಗೆ ಹೇಳಿದ್ರು. ಒಬ್ಬೊಬ್ಬರು ತಮ್ಮ ಕೈ ತಾವ ನೋಡ್ಕೊಂಡ್ರು. ಮೂರು ವಾರದಾಗ ಇಪ್ಪತ್ತೆಂಟು ಮನಿಗೂ ಕತ್ತಲಾದಕೂಡಲೆ ಕೈ ತಾನ ಮ್ಯಾಲೆ ಹೋಗೋ ರೂಢಿ ಬಿದ್ದಿತ್ತು. ತೂಕಡಿಸಾಕತ್ತಿದ್ದ ಮಂದಿಗೆ ಕತ್ತಲಾದದ್ದು ತಿಳಿಯೂದ್ರಾಗ ಬಾಯಿ ಮಾತು ಮುಗದಿತ್ತು, ಏನ ಕೇಳಿದ್ರು ಅಂತ ಅರ್ಧಾ ಮಂದಿಗೆ ಕೇಳಿಸೇ ಇರಲಿಲ್ಲ. ಚೇರ್ಮನ್ ಬಾಯಿ ಒಂದು ಕೈಲೆ ಎಣಿಸಿಕೋತ, ಇನ್ನೊಂದು ಕೈ ತಮಗ ಗೊತ್ತಿಲ್ಲದ ತಲಿ ಮ್ಯಾಲೆ ಹಿಡದಿದ್ರು.

ನಗು ನಿಲ್ಲಾಕ ಭಾಳ ಹೊತ್ತು ಹಿಡೀತು. ಅಷ್ಟರಾಗ ನಾ ಹೋಗಿ ಸ್ವಿಚ್ಚಿನ ಮುಚ್ಚಳ ಸರಿಸಿ ನೋಡಿದೆ. ಗುಂಡಿ ಒಂದ ನಿಮಿಷದ ಗುರ್ತಿಗಿತ್ತು. ಯಾರೋ ನಾಣ್ಯದಲೆ ತಿರುವಿದ ಗೀರು ಹೊಸಾದ ಇತ್ತು. ಸೆಕ್ರೆಟರಿ ಸಾಹೇಬ್ರು ಅವಸರದಲೆ ಏಳನೇ ಪುಟ ಹುಡಕಾಕತ್ತಿದ್ರು. ನಾ ಗುಂಡಿ ಹಂಗ ಬಿಟ್ಟು ಮುಚ್ಚಳ ಹಾಕಿ ಬಂದು ಕೂತೆ.

"ಈಗ ಬೆಳಕದ. ವಿಚಾರ ಮಾಡಿ ಕೈ ಎತ್ರಿ. ಸ್ವಿಚ್ಚು ತಗೀಬೇಕು ಅನ್ನೋರು ಯಾರು?" ಅಂದ್ರು ಬಾಯಿ.

ಎಲ್ಲಾ ಕೈ ತೊಡಿ ಮ್ಯಾಲೆ ಇದ್ದವು. ಒಂದ ಕೈ ಮಾತ್ರ ಮ್ಯಾಲಿತ್ತು, ಸೆಕ್ರೆಟರಿ ಸಾಹೇಬ್ರದು. ಕಂಬದ ಮರಿ ಬಿಟ್ಟು ಮುಂದ ಬಂದು, ಕೈ ಅತ್ತಾಗ ಇತ್ತಾಗ ಬೀಸಾಕತ್ತಿದ್ರು.

"ಒಂದು" ಅಂತ ಬಾಯಿ ಬರಕೊಂಡ್ರು.

"ಛೇ, ಛೇ, ಇದು ಮತ ಅಲ್ಲ" ಅಂದ್ರು ಸಾಹೇಬ್ರು. "ಇನ್ನ ಎಂಟು ಪುಟ ಉಳದಾವ. ನಡುವ ಮತ್ತ ಲೈಟ ಹೋದ್ರ?"

ಬಾಯಿ ಒಂದನ್ನ ಹೊಡದು ಸೊನ್ನಿ ಬರದ್ರು. ಸಾಹೇಬ್ರು ಒಂದು ಕೈಯಾಗ ಕಾಗದ ಹಿಡದು, ಇನ್ನೊಂದು ಕೈ ಮ್ಯಾಲೆ ಬೀಸ್ಕೋತ ಎಂಟೂ ಪುಟ ಓದಿದ್ರು. ನನ್ನ ಕಿಸೇದಾಗ ಟೆಸ್ಟರ್ ಇತ್ತು. ಗುಂಡಿ ಮತ್ತ ಮೂವತ್ತಕ್ಕ ತಿರುಗಿಸೋದು ಒಂದು ಗಳಿಗಿ ಕೆಲಸ. ನಾ ಏಳಲಿಲ್ಲ.